ಇಪ್ಪತ್ತನೇ ಹಕ್ಕಿ

“ಅಂಕಲ್, ಪೈಪ್ ಈ ಕಡೆ ತಿರುಗಿಸಬೇಡಿ, ಪ್ಲೀಸ್,” ಎಂದು ಎಲೈಜಾ ಹಿಂದಿಯಲ್ಲಿ ಪಿಸುಗುಟ್ಟಿದಳು.

ತೋಟದ ಕೆಲಸದ ಚೂಡಾಮಣಿ ಅಂಕಲ್ ತಲೆಯಾಡಿಸಿ, ನೀರಿನ ಪೈಪನ್ನು ಮೆಲ್ಲಗೆ ಬೋಗನ್‌ವಿಲ್ಲಾದ ಬುಡಕ್ಕೆ ಇಟ್ಟರು. ಎಲೈಜಾ ಗೋಡೆಗೆ ಅಂಟಿಕೊಂಡು ಕುಳಿತಳು. ಅವಳ ಹಕ್ಕಿ ಬಂದಿತ್ತು.

ಹೌದು, ಅವಳದೇ ಹಕ್ಕಿ. ಒದ್ದೆ ಹುಲ್ಲಿನ ಮೇಲೆ ನಡೆಯುತ್ತಾ, ಬಾಗಿದ ಉದ್ದ ಕೊಕ್ಕಿನಿಂದ ಮಣ್ಣು ಕುಕ್ಕುತ್ತಿತ್ತು. ರೆಕ್ಕೆಯ ಮೇಲೆ ಕಪ್ಪು ಬಿಳುಪು ಪಟ್ಟೆ. ತಲೆಯ ಗರಿಗಳು ಹಿಂದಕ್ಕೆ ಒತ್ತಿಕೊಂಡು, ಚೂಪಾಗಿ ಚಾಚಿದ್ದವು.

ಕೊಲ್ಲಿ ದೇಶದ ಅಬು ಹಮೂರಿನ ಈ ಕಾಂಪೌಂಡಿಗೆ ಎಲೈಜಾ ಬಂದದ್ದು ಆಗಸ್ಟ್‌ನಲ್ಲಿ. ಬಂದ ವಾರವೇ ಎದುರು ವಿಲ್ಲಾದ ಫವಾಝ್ ಮತ್ತು ಅವನ ತಂಗಿ ಶಮ್ನಾ ತಮ್ಮ ಹಕ್ಕಿ ಪುಸ್ತಕ ತೋರಿಸಿದ್ದರು. ಹೊಸ ಹಕ್ಕಿ ಕಂಡವರು ಚಿತ್ರ ಬರೆಯಬೇಕು, ಹೆಸರು ಬರೆಯಬೇಕು, ಕೆಳಗೆ ತಮ್ಮ ಹೆಸರು ಹಾಕಬೇಕು. ಹೆಸರು ಗೊತ್ತಿಲ್ಲದಿದ್ದರೆ ಮನೆಯ ದೊಡ್ಡವರನ್ನು ಕೇಳಬೇಕು. ಮೊದಲ ಪುಟದಲ್ಲೇ ಫವಾಝ್ ಕೆಂಪು ಪೆನ್ನಿನಲ್ಲಿ ಬರೆದಿದ್ದ: ‘ಗೂಗಲ್ ಮಾಫಿ.’ ಅಂದರೆ ಗೂಗಲ್ ಇಲ್ಲವೇ ಇಲ್ಲ.

ಗುಬ್ಬಿ, ಮೈನಾ, ಗಿಳಿ, ಬುಲ್‌ಬುಲ್ ಎಲ್ಲವನ್ನೂ ಅಣ್ಣ ತಂಗಿ ಮೊದಲೇ ಮುಗಿಸಿದ್ದರು. ಎಲೈಜಾ ಏನು ಕಂಡರೂ “ಅದು ಆಗಿದೆ” ಎನ್ನುವುದೇ. “ನಿಂದು ಇನ್ನೂ ಸೊನ್ನೆಯಾ?” ಎಂದು ಶಮ್ನಾ ಕೇಳಿದಾಗಲೆಲ್ಲ ಎಲೈಜಾಳಿಗೆ ಅಳುವೇ ಬರುತ್ತಿತ್ತು. ಆರು ತಿಂಗಳು ಸೊನ್ನೆ ಎಂದರೆ ಸುಮ್ಮನೆಯೇ?

ಹೋದ ವಾರ ಈ ಹಕ್ಕಿ ಸಿಕ್ಕಿತು. ಎಲೈಜಾ ಓಡಿಹೋಗಿ ಉಡುಪಿಯ ಅಜ್ಜಿಗೆ ಫೋನ್ ಮಾಡಿದಳು. ಮ್ಯಾಗ್ಡಲಿನ್ ಅಜ್ಜಿ ಮೂವತ್ತು ವರ್ಷ ಕನ್ನಡ ಟೀಚರ್ ಆಗಿದ್ದವರು. ಮನೆಮಂದಿಯೆಲ್ಲ ಕೊಂಕಣಿ ಆಡಿದರೂ ಮೊಮ್ಮಗಳ ಜೊತೆ ಫೋನಿನಲ್ಲಿ ಕನ್ನಡವೇ ಆಗಬೇಕು.

“ಪಟ್ಟೆ ರೆಕ್ಕೆ, ಉದ್ದ ಕೊಕ್ಕು, ನೆಲದ ಮೇಲೆ ಓಡಾಟ. ಅದು ಚಂದ್ರಮುಕುಟ,” ಎಂದರು ಅಜ್ಜಿ.

‘20. ಚಂದ್ರಮುಕುಟ. ಕಂಡವರು: ಎಲೈಜಾ.’ ಅದನ್ನು ಬರೆದ ಮೇಲೆ ಅವಳು ಎಷ್ಟು ಸಲ ಆ ಪುಟ ತೆರೆದು ನೋಡಿದಳೋ ಲೆಕ್ಕವಿಲ್ಲ. ಇಪ್ಪತ್ತು ತುಂಬಿಸಿದವಳು ಅವಳು. ನಾಳೆ ಶನಿವಾರ ಕಾಂಪೌಂಡಿನ ಹಾಲ್‌ನಲ್ಲಿ ಮಕ್ಕಳ ಪ್ರದರ್ಶನ ಬೇರೆ; ಅಲ್ಲಿ ಈ ಪುಸ್ತಕವನ್ನೂ ಇಡುವುದಿತ್ತು.

ಅಷ್ಟರಲ್ಲಿ ಪೈಪ್ ಬೋಗನ್‌ವಿಲ್ಲಾದ ಬುಡದಿಂದ ಜಾರಿ, ನೀರು ಚಿಮ್ಮಿತು. ಹಕ್ಕಿ ಬೆಚ್ಚಿತು. ತಲೆಯ ಗರಿಗಳು ಬೀಸಣಿಗೆಯಂತೆ ಪೂರ್ತಿ ಬಿಚ್ಚಿಕೊಂಡವು. ಒಂದೊಂದು ಗರಿಯ ತುದಿಯಲ್ಲೂ ಕಪ್ಪು ಬೊಟ್ಟು. ಎಲೈಜಾ ಉಸಿರು ಬಿಗಿಹಿಡಿದಳು. ಎಷ್ಟು ಚಂದ!

ಈ ಕಿರೀಟವನ್ನು ಅವಳು ಎಲ್ಲೋ ನೋಡಿದ್ದಳು.

ಮಡಿಲಲ್ಲಿದ್ದ ಪುಸ್ತಕವನ್ನು ಅವಳು ತೆರೆದಳು. ‘7. ಹುದ್‌ಹುದ್. ಕಂಡವರು: ಫವಾಝ್.’ ಫವಾಝ್ ಬರೆದರೆ ಎಲ್ಲ ಹಕ್ಕಿಗಳೂ ಕೋಳಿಯ ಹಾಗೆಯೇ ಕಾಣುತ್ತವೆ. ಇದೂ ಕೋಳಿಯೇ. ಆದರೆ ಕೋಳಿಯ ತಲೆಯ ಮೇಲೆ ಕೇಸರಿ ಬೀಸಣಿಗೆ ಇತ್ತು. ಬೀಸಣಿಗೆಯ ತುದಿಯಲ್ಲಿ ಕಪ್ಪು ಬೊಟ್ಟುಗಳಿದ್ದವು.

ಹುಲ್ಲಿನ ಮೇಲಿನ ಹಕ್ಕಿ ಸಮಾಧಾನವಾಗಿ ಕಿರೀಟ ಮುಚ್ಚಿಕೊಂಡು ಮತ್ತೆ ಮಣ್ಣು ಕುಕ್ಕತೊಡಗಿತು. ಎಲೈಜಾ ಪುಸ್ತಕ ಮುಚ್ಚಿ ಎದ್ದಳು.

“ಎಲೈಜಾ, ಇಲ್ಲಿ ಬಾ. ನೋಡು.” ಫವಾಝನ ಮನೆಯ ಮೆಟ್ಟಿಲ ಮೇಲೆ ಶಮ್ನಾ ಥರ್ಮಕೋಲ್ ಕತ್ತರಿಸಿ ದೊಡ್ಡದಾಗಿ 20 ಮಾಡಿದ್ದಳು. ಅದರ ತುಂಬ ಮಿನುಗುವ ಗ್ಲಿಟರ್. ಅವಳ ಮೂಗಿನ ಮೇಲೂ ಗ್ಲಿಟರ್. ಪಕ್ಕದಲ್ಲೇ ಫವಾಝ್ ನಿಂತಿದ್ದ. “ಈ ಎರಡರ ಅಂಕಿ ಮಾಡ್ಲಿಕ್ಕೆ ಬೆಳಿಗ್ಗೆಯಿಂದ ಕೂತಿದ್ದೇನೆ, ಗೊತ್ತುಂಟಾ?”

“ಸೂಪರ್,” ಎಂದಳು ಎಲೈಜಾ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಮತ್ತೆ ಸೊನ್ನೆ. ನಾಳೆ ಎಲ್ಲರ ಎದುರು ಸೊನ್ನೆ.

“ಫವಾಝ್, ನಿನ್ನ ಹುದ್‌ಹುದ್ ಕಿರೀಟ ಮುಚ್ಚುತ್ತದಾ?”

“ಮುಚ್ಚುವುದಾ? ಅದೆಂತ ಕೊಡೆಯಾ, ಮಾರಾಯ್ತಿ?” ಫವಾಝ್ ನಕ್ಕ. “ನಾನು ಕಾರಿಂದ ಇಳಿಯುವಾಗ ನೋಡಿದ್ದು. ಎರಡೇ ಸೆಕೆಂಡ್. ಹಾರಿಹೋಯ್ತು. ಕಿರೀಟ ಫುಲ್ ಓಪನ್ ಇತ್ತು. ಸುಲೈಮಾನ್ ನಬಿಗೆ ಸುದ್ದಿ ತಂದ ಹಕ್ಕಿ ಇದೇ ಅಂತ ಉಮ್ಮ ಹೇಳಿದ್ರು.”

“ಕೊಕ್ಕು ಉದ್ದ ಇತ್ತಾ? ರೆಕ್ಕೆಯಲ್ಲಿ ಪಟ್ಟೆ ಇತ್ತಾ?”

“ಇತ್ತು. ಯಾಕೆ?”

ಎಲೈಜಾ ಎರಡೂ ಪುಟಗಳನ್ನು ತೆರೆದು ತೋರಿಸಿದಳು. “ಕಿರೀಟ ಮುಚ್ಚಿದ್ರೆ ನನ್ನದು. ಬಿಚ್ಚಿದ್ರೆ ನಿನ್ನದು. ಹಕ್ಕಿ ಒಂದೇ.”

ಶಮ್ನಾ ಥರ್ಮಕೋಲ್ ಅಂಕಿಗಳನ್ನು ಎದೆಗೆ ಅವುಚಿಕೊಂಡಳು.

ಫವಾಝ್ ಚಪ್ಪಲಿಯ ತುದಿಯಿಂದ ಮೆಟ್ಟಿಲು ಕೆರೆದ. “ಹೆಸರು ಬೇರೆ, ಚಿತ್ರ ಬೇರೆ. ಯಾರು ಕೇಳ್ತಾರೆ? ಇರ್ಲಿ ಬಿಡು. ನಿಂದು ಅಂತ ಇರೋದು ಅದೊಂದೇ ಅಲ್ವಾ.”

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಎಲೈಜಾಳಿಗೆ ಇನ್ನಷ್ಟು ಕಷ್ಟವಾಯಿತು. ಹೂಂ ಎಂದರೆ ಸಾಕಿತ್ತು. ಆದರೆ ಹುಲ್ಲಿನ ಮೇಲಿನ ಆ ಹಕ್ಕಿ ಕಣ್ಣೆದುರೇ ಕಿರೀಟ ಬಿಚ್ಚಿ ತೋರಿಸಿದೆಯಲ್ಲ.

“ಸ್ಕೇಲ್ ಕೊಡು,” ಎಂದಳು ಎಲೈಜಾ.

ತಪ್ಪಾದರೆ ಗೀಚಿ ಮುಚ್ಚಬಾರದು, ಸ್ಕೇಲ್ ಇಟ್ಟು ಒಂದೇ ಗೆರೆ ಹೊಡೆಯಬೇಕು ಎಂಬುದು ಅಜ್ಜಿಯ ಶಿಸ್ತು. ಎಲೈಜಾ ಇಪ್ಪತ್ತನೇ ನಂಬರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದಳು. ಗೆರೆಯ ಅಡಿಯಲ್ಲಿ ಅವಳ ಹೆಸರು ಆಗಲೂ ಓದಲು ಬರುತ್ತಿತ್ತು. ಅವಳಿಗೆ ಅಳು ಬಂತು, ನುಂಗಿಕೊಂಡಳು.

“ಖಲಾಸ್,” ಎಂದು ಶಮ್ನಾ ನಿಟ್ಟುಸಿರುಬಿಟ್ಟಳು. ಆಮೇಲೆ ಅಂಕಿಗಳನ್ನು ತಿರುಗಿಸಿ ನೋಡಿ, “ಈ ಸೊನ್ನೆಗೆ ಬಾಲ ಅಂಟಿಸಿದ್ರೆ ಒಂಬತ್ತಾಗ್ತದೆ. ಒಂದು ಮಾಡೋದು ಈಸಿ. ಆದರೆ ನನ್ನ ಎರಡು ವೇಸ್ಟ್ ಆಯ್ತು,” ಎಂದಳು.

ಫವಾಝ್ ಇನ್ನೂ ಎಲೈಜಾಳ ಚಿತ್ರವನ್ನೇ ನೋಡುತ್ತಿದ್ದ. “ಅದು ಮುಚ್ಚುತ್ತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ. ನಿನ್ನ ಚಿತ್ರ ನನ್ನ ಏಳರ ಪಕ್ಕ ಅಂಟಿಸುವಾ?”

ಮರುದಿನ ಸಂಜೆ ಹಾಲ್‌ನಲ್ಲಿ ಸಾಕಷ್ಟು ಜನ ಇದ್ದರು. ಕಾಂಪೌಂಡಿನ ಮ್ಯಾನೇಜರ್ ಮುದ್ದುಕೃಷ್ಣ ಅಂಕಲ್ ಮೇಜಿನ ಮುಂದೆ ಬಂದು ನಿಂತರು. “ಓಹೋ, ನಮ್ಮ ಅಂಗಳದಲ್ಲಿ ಎಷ್ಟು ಹಕ್ಕಿ ಉಂಟು?”

ಫವಾಝ್ ಬಾಯಿ ತೆರೆಯುವ ಮೊದಲೇ ಎಲೈಜಾ ಹೇಳಿದಳು, “ಹತ್ತೊಂಬತ್ತು, ಅಂಕಲ್. ಚೆಕ್ ಮಾಡಿದ್ದೇವೆ.”

ಎಲ್ಲರೂ ಹೆಚ್ಚು ಹೊತ್ತು ನಿಂತದ್ದು ಏಳನೇ ಪುಟದ ಎದುರು. ಮುಚ್ಚಿದ ಕಿರೀಟ, ಬಿಚ್ಚಿದ ಕಿರೀಟ, ಹುದ್‌ಹುದ್, ಚಂದ್ರಮುಕುಟ. ಚೂಡಾಮಣಿ ಅಂಕಲ್ ಬಗ್ಗಿ ನೋಡಿ ನಕ್ಕರು. ತಮ್ಮ ಊರಿನಲ್ಲಿ ಇದಕ್ಕೆ ಫಾಪ್ರೆ ಚರಾ ಅನ್ನುತ್ತಾರೆ ಎಂದರು. ಎಲೈಜಾ ತಕ್ಷಣ ಪೆನ್ ತೆಗೆದು ಅದನ್ನೂ ಬರೆದಳು. “ಕಂಡವರು ಯಾರು?” ಎಂದು ಯಾರೋ ಕೇಳಿದರು. “ಫವಾಝ್,” ಎಂದಳು ಅವಳು.

ಮನೆಗೆ ಬಂದ ಕೂಡಲೇ ಅಜ್ಜಿಯ ಫೋನ್ ಬಂತು.

“ಏನು ಪುಟ್ಟಿ, ಇಪ್ಪತ್ತು ಹಕ್ಕಿ ನೋಡಿ ಎಲ್ಲರೂ ಏನು ಹೇಳಿದರು?”

“ಇಪ್ಪತ್ತಲ್ಲ ಅಜ್ಜಿ, ಹತ್ತೊಂಬತ್ತು. ಒಂದೇ ಹಕ್ಕಿ ಎರಡು ಸಲ ಬಂದಿತ್ತು.”

“ಹೌದಾ? ಯಾವುದು ಹೋಯಿತು?”

“ನನ್ನದು. ನಾನೇ ಗೆರೆ ಹೊಡೆದೆ.”

ಅಜ್ಜಿ ಮೆಲ್ಲಗೆ ಕೇಳಿದರು, “ಸ್ಕೇಲ್ ಇಟ್ಟು ಹೊಡೆದೆಯಾ?”

“ಹೂಂ, ಅಜ್ಜಿ. ಸ್ಕೇಲ್ ಇಟ್ಟೇ.”

ಅಷ್ಟು ಹೇಳಿದ ಮೇಲೆ ಎಲೈಜಾಳಿಗೆ ಒಂದು ವಿಷಯ ಹೊಳೆಯಿತು. ಹೋದ ವಾರ ಹಕ್ಕಿ ಕಂಡಿತೆಂದು ಅಜ್ಜಿಗೆ ಹೇಳಿದಾಗ ಅವಳ ದನಿಯಲ್ಲಿ ಎಷ್ಟು ಹೆಮ್ಮೆಯಿತ್ತೋ, ಈಗಲೂ ಅಷ್ಟೇ ಇತ್ತು.