ಎರಡು ವರ್ಷದ ಲ್ಯಾಪ್‌ಟಾಪ್

"ಯಾವ ಗೇಮ್ ಆಡ್ತೀಯ ಹೇಳು ಹೀರೋ, ಅದಕ್ಕೆ ತಕ್ಕ ಹಾಗೆ ಜೋಡಿಸ್ಕೊಡ್ತೀನಿ," ಎಂದು ಕಂಪ್ಯೂಟರ್ ಅಂಗಡಿಯ ಕೋ ಅಕ್ಕ ತಿಂಗ್‌ವೇಯ ಮುಖವನ್ನೇ ನೋಡಿ ಕೇಳಿದಳು.

"ನನಗಲ್ಲ ಅಕ್ಕ. ಇವಳಿಗೆ."

ಕೋ ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವನ ಹಿಂದೆ ನಿಂತು ಮಫ್ಲರ್ ಬಿಚ್ಚುತ್ತಿದ್ದ ಯುನ್‌ಶಿಯನ್ನು ನೋಡಿದಳು. "ಅಯ್ಯೋ, ತಪ್ಪಾಯ್ತು ಚೆಲುವೆ! ಜೋಡಿ ಬಂದ್ರೆ ಆಡೋನು ಅವನು, ಪಕ್ಕದಲ್ಲಿ ಆಕಳಿಸ್ತಾ ಕೂರೋಳು ಅವಳು ಅಂತ ನನ್ನ ಲೆಕ್ಕ."

"ಇವನು ಆಡಿದ್ರೆ ಮೊದಲನೇ ತಿರುವಲ್ಲೇ ಸಾಯ್ತಾನೆ ಅಕ್ಕ. ಒಣ ಹುಲ್ಲಿನ ಮೇಲೆ ನಡೆದ ಸದ್ದು ಚೆನ್ನಾಗಿದೆ ಅಂತ ಅಲ್ಲೇ ಹಿಂದಕ್ಕೂ ಮುಂದಕ್ಕೂ ಓಡಾಡ್ತಿರ್ತಾನೆ. ಯಾರೋ ಬಂದು ಬೆನ್ನಿಗೆ ಹೊಡೀತಾರೆ."

ಕೋ ಅಕ್ಕ ನಕ್ಕಳು. ಯುನ್‌ಶಿ ಮಾತ್ರ ಓರೆಗಣ್ಣಿನಲ್ಲಿ ತಿಂಗ್‌ವೇಯನ್ನು ನೋಡಿ, ಮಾತು ತಾಗಿತೋ ಇಲ್ಲವೋ ಎಂದು ಪರೀಕ್ಷಿಸಿ, ಆಮೇಲೆ ತುಟಿಯ ಒಂದು ಕೊನೆಯನ್ನಷ್ಟೇ ಮೇಲೆತ್ತಿದಳು. ಆ ಅರ್ಧ ನಗೆಯನ್ನು ಅವನು ಬಹಳ ಕಾಲದಿಂದ ಬಲ್ಲ. ಅವನು ನಕ್ಕರೆ ಮಾತ್ರ ಇನ್ನರ್ಧ ಬರುತ್ತಿತ್ತು.

ಅವನು ನಕ್ಕ. ಅದೂ ಬಂತು.

ತೈಪೆಯ ಚಳಿ ಮಂಜು ಬೀಳಿಸುವುದಿಲ್ಲ, ಸುಮ್ಮನೆ ಮೂಳೆಗೆ ಇಳಿಯುತ್ತದೆ. ಗ್ವಾಂಗ್‌ಹ್ವಾ ಮಾರುಕಟ್ಟೆಯ ಮೇಲಿನ ಮಹಡಿಯಲ್ಲೂ ಜನ ಕೋಟು ತೆಗೆಯದೆ ಓಡಾಡುತ್ತಿದ್ದರು. ಯುನ್‌ಶಿ ಗೇಮ್‌ಗಳಿಗೆ ಚಿತ್ರ ಬರೆಯುವವಳು. ಕಾಡು, ಕೋಟೆ, ಯಾರೂ ಇಲ್ಲದ ಬಂದರು. ತಿಂಗ್‌ವೇ ಗೇಮ್‌ಗಳಿಗೆ ಸದ್ದು ಮಾಡುವವನು. ಹೆಜ್ಜೆ, ಬಾಗಿಲು, ದೂರದಲ್ಲಿ ಏನೋ ಬಿದ್ದದ್ದು. ಹೋದ ವಸಂತದಲ್ಲಿ ಇಬ್ಬರೂ ಒಂದೇ ಮೇಜಿನ ಮುಂದೆ ಮೊಣಕೈ ತಾಗಿಸಿಕೊಂಡು ಕೂತು ಹೆಲ್ಸಿಂಕಿಯ ಒಂದು ಸ್ಟುಡಿಯೋಗೆ ಅರ್ಜಿ ಹಾಕಿದ್ದರು. ಅವಳನ್ನು ಕರೆದರು. ಅವನಿಗೆ ಬಹಳ ವಿನಯದಿಂದ ಇಲ್ಲವೆಂದರು. ಹೊಸ ವರ್ಷದ ಹಬ್ಬ ಮುಗಿದ ಕೂಡಲೇ ಅವಳ ವಿಮಾನ.

"ಎರಡೇ ವರ್ಷ," ಎಂದಿದ್ದಳು ಅವಳು.

"ನಾನೂ ಮತ್ತೆ ಅರ್ಜಿ ಹಾಕ್ತೀನಿ. ಯಾರಿಗೊತ್ತು, ನೀನು ವಾಪಸ್ ಬರೋದ್ರೊಳಗೆ ನಾನೇ ಅಲ್ಲಿಗೆ ಬಂದಿರ್ತೀನಿ," ಎಂದಿದ್ದ ಅವನು.

ಆಮೇಲೆ ಆ ವಿಷಯವನ್ನು ಇಬ್ಬರೂ ಮುಟ್ಟಿರಲಿಲ್ಲ. ಮನೆಯಲ್ಲಿದ್ದ ಅವಳ ದೊಡ್ಡ ಕಂಪ್ಯೂಟರನ್ನು ವಿಮಾನದಲ್ಲಿ ಒಯ್ಯಲಾಗದು, ಅಷ್ಟೇ ಶಕ್ತಿಯ ಲ್ಯಾಪ್‌ಟಾಪ್ ಬೇಕು ಎಂಬುದೊಂದೇ ಮಾತಾಡಬಹುದಾದ ವಿಷಯವಾಗಿ ಉಳಿದಿತ್ತು. ಆದ್ದರಿಂದ ಅದನ್ನು ವಾರಗಟ್ಟಲೆ ಮಾತಾಡಿದ್ದರು.

ಕೋ ಅಕ್ಕನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಖಾಲಿಯಾಗಿ ಬರುತ್ತದೆ. ಒಳಗೆ ಬೋರ್ಡು, ಚಿಪ್, ಫ್ಯಾನು ಅಷ್ಟೇ. ಮಿಕ್ಕದ್ದನ್ನೆಲ್ಲ ಗಿರಾಕಿಯೇ ಆರಿಸಿ ತುಂಬಿಸಿಕೊಳ್ಳಬೇಕು.

"ಮೊದಲು ಗ್ರಾಫಿಕ್ಸ್," ಎಂದಳು ಕೋ ಅಕ್ಕ. "ಇದರಲ್ಲಿ ಜಿಪುಣತನ ಬೇಡ. ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಬದಲಾಯಿಸೋಕಾಗಲ್ಲ. ಗಂಡನ್ನಾದ್ರೂ ಬದಲಾಯಿಸಬಹುದು, ಇದನ್ನ ಆಗಲ್ಲ."

"ಹಾಗಾದ್ರೆ ಇದನ್ನೇ ನೋಡ್ಕೊಂಡು ಆರಿಸ್ಬೇಕು," ಎಂದಳು ಯುನ್‌ಶಿ.

"ನೋಡ್ಕೊಂಡೇ ಆರಿಸು. ಒಳ್ಳೇದು ಹಾಕ್ಕೊಂಡ್ರೆ ಐದಾರು ವರ್ಷ ತಿರುಗಿ ನೋಡೋದೇ ಬೇಡ. ಅಂದಹಾಗೆ, ನೀವು ಹಂಚೋ ಮದುವೆ ಕೇಕಿನ ಡಬ್ಬ ನಮಗೆ ಯಾವಾಗ?"

ಇಬ್ಬರೂ ಒಟ್ಟಿಗೆ ಬೇರೆ ಬೇರೆ ಕಡೆ ನೋಡಿದರು. ಕೋ ಅಕ್ಕ ಅದನ್ನು ನಾಚಿಕೆ ಎಂದುಕೊಂಡಳು.

ದೊಡ್ಡ ಪರದೆಯದನ್ನು ಯುನ್‌ಶಿ ಆಸೆಯಿಂದ ಸವರಿದಳು. ತಿಂಗ್‌ವೇ ಅದನ್ನು ಎತ್ತಿ ನೋಡಿದ. ಒಂದು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಂತ.

"ಏನೋ, ದೇವರ ಕಾಣಿಕೆ ತೂಗ್ತಿದ್ದೀಯಾ?"

"ನಿನ್ನ ಎಡ ಭುಜ ಇದನ್ನ ತಡೆಯಲ್ಲ ಕಣೇ. ಚಾರ್ಜರೇ ಒಂದು ಇಟ್ಟಿಗೆ ಇದೆ. ಚಿಕ್ಕದು ತಗೋ."

"ಭುಜ ನಂದು."

"ರಾತ್ರಿಯೆಲ್ಲ ಒತ್ತೋ ಕೈ ನಂದು."

ಹೇಳಿದ ಮೇಲೆ ಅವನಿಗೆ ಹೊಳೆಯಿತು, ಅಲ್ಲಿ ಒತ್ತುವುದಕ್ಕೆ ಆ ಕೈ ಇರುವುದಿಲ್ಲ. ಅವಳಿಗೂ ಹೊಳೆದಿರಬೇಕು. ಸುಮ್ಮನೆ ಚಿಕ್ಕದನ್ನು ಮುಂದಕ್ಕೆ ಸರಿಸಿದಳು.

ರ್‍ಯಾಮ್ ಬೇಗ ತೀರ್ಮಾನವಾಯಿತು. ಫೈಲುಗಳನ್ನಿಡುವ ಎಸ್‌ಎಸ್‌ಡಿಗೆ ಬಂದಾಗ ತಿಂಗ್‌ವೇ, "ಎರಡು ಜಾಗ ಇದೆಯಲ್ಲ, ಸದ್ಯಕ್ಕೆ ಒಂದು ಹಾಕಿ ಸಾಕು. ಇನ್ನೊಂದು ಖಾಲಿ ಇರ್ಲಿ. ಇವಳು ವಾಪಸ್ ಬರೋ ಹೊತ್ತಿಗೆ ಬೆಲೆ ಇಳಿದಿರುತ್ತೆ, ನಾನೇ ಹಾಕ್ಕೊಡ್ತೀನಿ," ಎಂದ.

"ಚಿಪ್ಪಿನ ಶಾಖಕ್ಕೆ? ಪೇಸ್ಟ್ ಬಳೀಲಾ, ಹಾಳೆ ಇಡ್ಲಾ? ಪೇಸ್ಟ್ ಆದ್ರೆ ಎರಡು ವರ್ಷಕ್ಕೊಂದ್ಸಲ ಬಿಚ್ಚಿ ಒರೆಸಿ ಹೊಸದು ಬಳೀಬೇಕು. ಹಾಳೆ ಇಟ್ರೆ ಅದರ ಪಾಡಿಗೆ ಅದು ಇರುತ್ತೆ."

"ಪೇಸ್ಟ್. ಅದೂ ನಾನೇ ಮಾಡ್ತೀನಿ."

ಪ್ರತಿ ಬೇಸಿಗೆ ಅವಳ ಕಂಪ್ಯೂಟರನ್ನು ಬಿಚ್ಚಿ, ಫ್ಯಾನಿನ ರೆಕ್ಕೆಗಳ ದೂಳನ್ನು ಬ್ರಷ್ಷಿನಲ್ಲಿ ಒರೆಸಿ, ಹಳೇ ಬಸ್ ಕಾರ್ಡಿನ ಅಂಚಿನಲ್ಲಿ ಪೇಸ್ಟ್ ಹಚ್ಚುವುದು ಅವನ ಕೆಲಸವಾಗಿತ್ತು. ಅವಳು ಹಿಂದೆ ನಿಂತು ಟಾರ್ಚು ಹಿಡಿಯುತ್ತಿದ್ದಳು. ಬೇಕೆಂದೇ ಬೆಳಕನ್ನು ಅವನ ಮೂಗಿನ ಮೇಲೆ ಬಿಡುತ್ತಿದ್ದಳು.

ಕೋ ಅಕ್ಕ ಕೆಳಗಿನಿಂದ ಕೀಬೋರ್ಡುಗಳ ಪೆಟ್ಟಿಗೆ ತೆಗೆದಳು. "ನಮ್ಮ ಭಾಷೆ ಟೈಪ್ ಮಾಡೋ ಜುಯಿನ್ ಅಕ್ಷರ ಇರೋದು ತಾನೆ?"

"ಬೇಡ ಅಕ್ಕ. ಬರೀ ಇಂಗ್ಲಿಷ್ ಇರೋದು ಕೊಡಿ," ಎಂದಳು ಯುನ್‌ಶಿ.

"ಯಾಕೆ? ಎರಡೂ ಇರುತ್ತೆ ಇದರಲ್ಲಿ. ಅಮ್ಮನಿಗೆ ಮೆಸೇಜ್ ಮಾಡಲ್ವಾ?"

"ಮಾಡ್ತೀನಿ, ನೋಡದೇನೇ ಬರುತ್ತೆ. ಆದ್ರೆ ಇದನ್ನ ಅಲ್ಲಿ ಮಾರೋವಾಗ ನಮ್ಮಕ್ಷರ ಇದ್ರೆ ಯಾರೂ ತಗೊಳ್ಳಲ್ಲ."

ಪಕ್ಕದ ಅಂಗಡಿಯಲ್ಲಿ ಯಾರೋ ಸ್ಪೀಕರ್ ಪರೀಕ್ಷಿಸುತ್ತಿದ್ದರು. ಎಡಕ್ಕೊಂದು ಸಲ, ಬಲಕ್ಕೊಂದು ಸಲ, ಅದೇ ಸದ್ದು. ತಿಂಗ್‌ವೇ ಅದನ್ನು ಗಮನವಿಟ್ಟು ಕೇಳಿದ. ಐದಾರು ವರ್ಷ ತಿರುಗಿ ನೋಡಬೇಕಿಲ್ಲದ ಯಂತ್ರ. ಅದು ಹಳತಾಗಿ, ಮಾರುವ ಹೊತ್ತು ಬಂದಾಗ, ಮಾರುವವಳು ಅಲ್ಲೇ ಇರುತ್ತಾಳೆ. ಕೊಳ್ಳುವವನ ಮುಖವೂ ಅವಳಿಗೆ ಕಾಣುತ್ತಿದೆ. ಅವನಿಗೆ ಯಾವ ಅಕ್ಷರ ಬೇಕಿಲ್ಲ ಎಂಬುದೂ ಅವಳಿಗೆ ಗೊತ್ತು.

ಯುನ್‌ಶಿ ಕೀಬೋರ್ಡಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಸುಳ್ಳು ಹೇಳಿದಾಗ ಅವಳ ಕಿವಿ ಕೆಂಪಾಗುವುದಿಲ್ಲ. ನಿಜ ಹೇಳಿದಾಗ ಆಗುತ್ತದೆ.

"ಕೋ ಅಕ್ಕ," ಎಂದ ತಿಂಗ್‌ವೇ. ಧ್ವನಿ ಸರಿಯಾಗಿಯೇ ಬಂತು. "ಎರಡನೇ ಎಸ್‌ಎಸ್‌ಡಿನೂ ಈಗಲೇ ಹಾಕ್ಬಿಡಿ. ದೊಡ್ಡದು. ಪೇಸ್ಟ್ ಬೇಡ, ಹಾಳೆ ಇಡಿ. ವಾರಂಟಿ ಬೇರೆ ದೇಶದಲ್ಲೂ ನಡೆಯೋದು ಇದೆಯಲ್ಲ, ಅದೇ ಮಾಡಿ. ಯಾರೂ ಬಿಚ್ಚೋ ಪ್ರಮೇಯ ಬರಬಾರದು."

"ಈಗ ತಾನೆ ನಾನೇ ಮಾಡ್ತೀನಿ, ನಾನೇ ಮಾಡ್ತೀನಿ ಅಂತಿದ್ದೆ?"

"ನನ್ನ ಕೈ ಅಷ್ಟು ಉದ್ದ ಇಲ್ಲ ಅಕ್ಕ."

ಕೋ ಅಕ್ಕ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದಳು. ಮದುವೆ ಕೇಕಿನ ಮಾತನ್ನು ಮತ್ತೆ ಎತ್ತಲಿಲ್ಲ. "ಜೋಡಿಸೋಕೆ ಹೊತ್ತಾಗುತ್ತೆ. ಕೆಳಗೆ ಹೋಗಿ ಏನಾದ್ರೂ ಬಿಸಿಬಿಸಿ ತಿಂದ್ಕೊಂಡು ಬನ್ನಿ. ಹೋಗ್ರಪ್ಪ," ಎಂದಳು.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸಿಹಿ ಕಡಲೆಬೀಜದ ಸೂಪ್ ಮಾರುವ ಗಾಡಿಯಿತ್ತು. ಇಬ್ಬರೂ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನಿಲ್ಲಿಸಿದ ಸ್ಕೂಟರುಗಳ ಸಾಲಿನ ಪಕ್ಕ ನಿಂತರು. ಆವಿಯಲ್ಲಿ ಯುನ್‌ಶಿಯ ಕನ್ನಡಕ ಬೆಳ್ಳಗಾಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಬಯ್ಯೋದಿದ್ರೆ ಬಯ್ದುಬಿಡು."

"ಯಾವಾಗ ತೀರ್ಮಾನ ಮಾಡಿದೆ?"

"ಮಾಡಿರ್ಲಿಲ್ಲ ಕಣೋ. ನಿಜವಾಗ್ಲೂ. ಬಾಯಿಂದ ಬಿದ್ದ ಮೇಲೆ ನಿನ್ನ ಜೊತೆ ನಾನೂ ಕೇಳಿಸ್ಕೊಂಡೆ."

ಅವನು ನಂಬಿದ. ಅವಳು ಬರೆಯುವ ಚಿತ್ರಗಳೂ ಹಾಗೆಯೇ. ಬಂದರು ಬರೆದು ಮುಗಿದ ಮೇಲೆ, ಅಯ್ಯೋ, ಇಲ್ಲಿ ದೋಣಿಯೇ ಇಲ್ಲ ನೋಡು, ಎಂದು ತಾನೇ ಬೆರಗಾಗುತ್ತಿದ್ದಳು.

"ನೀನು ಮತ್ತೆ ಅರ್ಜಿ ಹಾಕಿದ್ಯಾ?" ಎಂದು ಕೇಳಿದಳು.

ತಿಂಗ್‌ವೇ ಸೂಪಿನಲ್ಲಿ ಚಮಚ ಆಡಿಸಿದ. "ಹೋದ ತಿಂಗಳೇ ಕೊನೇ ದಿನ ಇತ್ತು."

"ಗೊತ್ತು. ನಾನೂ ನೋಡ್ತಿದ್ದೆ."

"ಹಾಕ್ಲಿಲ್ಲ."

"ಮತ್ತೆ ಬೇಡ ಅಂತಾರೆ ಅಂತ ಹೆದರಿಕೇನಾ?"

"ಹಾಗೇ ಅಂದ್ಕೊಂಡಿದ್ದೆ. ಆದ್ರೆ ಅದಲ್ಲ. ನನಗೆ ಇಲ್ಲೇ ಇಷ್ಟ, ಯುನ್‌ಶಿ." ಈ ಮಾತನ್ನು ಅವನು ಮನಸ್ಸಿನಲ್ಲೂ ಇಷ್ಟು ನೇರವಾಗಿ ಹೇಳಿಕೊಂಡಿರಲಿಲ್ಲ. "ಸಂಜೆ ಕಸದ ಗಾಡಿ ಹಾಡು ಹಾಕ್ಕೊಂಡು ಬರುತ್ತಲ್ಲ, ಎಲ್ಲರೂ ಚಪ್ಪಲಿ ಎಳ್ಕೊಂಡು ಚೀಲ ಹಿಡ್ಕೊಂಡು ಓಡ್ತಾರಲ್ಲ, ಆ ಸದ್ದು ಕೇಳಿದ್ರೇನೇ ನನಗೆ ದಿನ ಮುಗೀತು ಅನ್ಸೋದು. ಅಲ್ಲಿ ನಾನು ದಿನ ಹೇಗೆ ಮುಗಿಸ್ಲಿ?"

ಯುನ್‌ಶಿ ಬಟ್ಟಲನ್ನು ಸ್ಕೂಟರಿನ ಸೀಟಿನ ಮೇಲಿಟ್ಟಳು. ನಗು ಬಂತು, ಅದರ ಬೆನ್ನಿಗೇ ಇನ್ನೇನೋ ಬಂತು. ಬೆಳ್ಳಗಾದ ಕನ್ನಡಕದ ಹಿಂದೆ ಅದು ಯಾವುದೆಂದು ಕಾಣಲಿಲ್ಲ.

"ಕಸದ ಗಾಡಿಗೆ ಸೋತೆ ನಾನು."

"ಹೆಲ್ಸಿಂಕಿಯಲ್ಲಿ ಯಾರಿಗೂ ಹೇಳ್ಬೇಡ."

"ಎಲ್ಲರಿಗೂ ಹೇಳ್ತೀನಿ." ತೋಳಿನಿಂದ ಮೂಗು ಒರೆಸಿಕೊಂಡಳು. "ಹೋಗ್ಬೇಡ ಅಂತ ಒಂದ್ಸಲನಾದ್ರೂ ಅಂತೀಯೇನೋ ಅಂದ್ಕೊಂಡಿದ್ದೆ."

"ಅಂದಿದ್ರೆ?"

ಅವಳು ಬಹಳ ಹೊತ್ತು ಯೋಚಿಸಿದಳು. ಸುಳ್ಳು ಹೇಳಲು ಬೇಕಾದಷ್ಟು ಸಮಯವಿತ್ತು. "ಉಳೀತಿದ್ದೆ," ಎಂದಳು. "ಆಮೇಲೆ, ನೀನು ಅನ್ನ ಅಗಿಯೋ ಸದ್ದು ಕೂಡ ನನಗೆ ಆಗ್ತಿರ್ಲಿಲ್ಲ."

ಅವನು ತಲೆಯಾಡಿಸಿದ. ತನ್ನ ಬಟ್ಟಲಿನಲ್ಲಿ ಉಳಿದ ಕಡಲೆಬೀಜಗಳನ್ನು ಚಮಚದಲ್ಲಿ ಬಳಿದು ಅವಳ ಬಟ್ಟಲಿಗೆ ಹಾಕಿದ. ಅವಳಿಗೆ ರಸಕ್ಕಿಂತ ಬೀಜ ಇಷ್ಟ. ಅವಳು ಒಂದೊಂದಾಗಿ ತಿಂದಳು.

ಮೇಲೆ ಬಂದಾಗ ಲ್ಯಾಪ್‌ಟಾಪ್ ಸಿದ್ಧವಾಗಿತ್ತು. ಕಪ್ಪು ಕೀಲಿಗಳ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳು ಒಂಟಿಯಾಗಿ ನಿಂತಿದ್ದವು.

"ಈಗ ಕೊನೇ ಪರೀಕ್ಷೆ," ಎಂದಳು ಕೋ ಅಕ್ಕ. "ಪೂರ್ತಿ ಶಕ್ತಿ ಹಾಕಿ ಓಡಿಸ್ತೀನಿ. ಕೆಟ್ಟು ಹೋಗೋದಿದ್ರೆ ಇಲ್ಲೇ, ನನ್ನ ಕಣ್ಣ ಮುಂದೇನೇ ಕೆಟ್ಟು ಹೋಗ್ಲಿ."

ಪರದೆಯ ಮೇಲೆ ಬಣ್ಣದ ಗೋಳಗಳು ಸುತ್ತತೊಡಗಿದವು. ಫ್ಯಾನು ಮೊದಲು ಪಿಸುಗುಟ್ಟಿತು, ಆಮೇಲೆ ಏರಿತು, ಆಮೇಲೆ ಮೇಜಿನ ಮೇಲಿನ ಚೀಟಿಗಳು ಅಲುಗುವಷ್ಟು ಮೊರೆಯಿತು. ಬೇರೆ ದಿನವಾಗಿದ್ದರೆ ತಿಂಗ್‌ವೇ ಆ ಸದ್ದಿಗೆ ಮುಖ ಸಿಂಡರಿಸುತ್ತಿದ್ದ. ಈಗ ಅದರ ಒಳಗೆ ನಿಲ್ಲುವುದು ಹಿತವಾಗಿತ್ತು. ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಲ್ಯಾಪ್‌ಟಾಪಿನ ಪಕ್ಕದ ಕಿಂಡಿಯಿಂದ ಬಿಸಿ ಗಾಳಿ ಬರುತ್ತಿತ್ತು. ಯುನ್‌ಶಿ ತಣ್ಣಗಾದ ಕೈಯನ್ನು ಅದಕ್ಕೆ ಒಡ್ಡಿದಳು. ಸ್ವಲ್ಪ ಹೊತ್ತಿನ ಮೇಲೆ, ಅವನ ಕಡೆ ನೋಡದೆಯೇ, ಕೈಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಅವನೂ ಕೈ ಒಡ್ಡಿದ. ಎರಡು ಕೈಗಳು ಗಾಳಿಯಲ್ಲಿ ಪಕ್ಕಪಕ್ಕ ನಿಂತವು. ಅವಳ ಕಿರುಬೆರಳು ಅವನ ಕಿರುಬೆರಳಿಗೆ ತಾಗಿಯೂ ತಾಗದ ಹಾಗಿತ್ತು. ಬಿಸಿ ಮೊದಲು ಬೆರಳ ತುದಿಗೆ, ಆಮೇಲೆ ಅಂಗೈಗೆ, ಆಮೇಲೆ ಮಣಿಕಟ್ಟಿನವರೆಗೂ ಏರಿತು. ಈ ಚಳಿಗಾಲದಲ್ಲಿ ಅವನ ಕೈ ಇಷ್ಟು ಬೆಚ್ಚಗಾದದ್ದು ಇದೇ ಮೊದಲು.

ಗೋಳಗಳು ನಿಂತವು. ಫ್ಯಾನು ಇಳಿಯುತ್ತ ಬಂತು. ಗಾಳಿ ಬೆಚ್ಚಗಾಯಿತು, ಉಗುರುಬೆಚ್ಚಗಾಯಿತು, ಆಮೇಲೆ ಬರೀ ಗಾಳಿಯಾಯಿತು. ಅಂಗಡಿಯ ಸದ್ದುಗಳೆಲ್ಲ ಒಂದೊಂದಾಗಿ ವಾಪಸ್ ಬಂದವು. ಕೈಗಳು ಮಾತ್ರ ಅಲ್ಲೇ ಇದ್ದವು.

"ಪಾಸ್ ಆಯ್ತು ಚೆಲುವೆ," ಎಂದಳು ಕೋ ಅಕ್ಕ. "ಒಂದು ತಪ್ಪೂ ಇಲ್ಲ. ಪೆಟ್ಟಿಗೆಗೆ ಹಾಕ್ಲಾ?"

ಯುನ್‌ಶಿ ಕಿಂಡಿಯ ಕಡೆಗೇ ನೋಡುತ್ತಿದ್ದಳು.

"ಅಕ್ಕ," ಎಂದಳು, "ಇನ್ನೊಂದ್ಸಲ ಓಡಿಸ್ತೀರಾ?"

"ಎಲ್ಲ ಸರಿಯಾಗಿದೆಯಲ್ಲ ಕಂದ."

"ಸರಿಯಾಗಿದೆ," ಎಂದ ತಿಂಗ್‌ವೇ. "ಆದ್ರೂ ಓಡಿಸಿ."