ನಾನೂರಕ್ಕೆ ನಾನೂರು

ಹತ್ತು ಗಂಟೆಗೆ ಇಂಜೆಕ್ಷನ್ ಕೊಟ್ಟರು. ಹತ್ತೂಕಾಲಿಗೆ ಆರನೇ ಮಂಚದ ಬಡಗಿ ಸತ್ತುಹೋಗಿದ್ದ. ಉಳಿ ತಾಗಿದ ಕಾಲಿಗೆ ಹೊಲಿಗೆ ಹಾಕಿಸಿಕೊಂಡು ಸಂಜೆ ಮನೆಗೆ ಹೋಗಬೇಕಾಗಿದ್ದ ಮನುಷ್ಯ.

ಇನ್‌ಸ್ಪೆಕ್ಟರಮ್ಮ ಬಂದಾಗ ಹನ್ನೆರಡು. ಆಕೆಯ ಕಾಲಲ್ಲಿ ಚಕ್ರವಿದೆ ಎಂದು ಠಾಣೆಯಲ್ಲೆಲ್ಲ ಮಾತು. ಕುರ್ಚಿ ಕೊಟ್ಟರೂ ಕೂರುವವಳಲ್ಲ. ವಾರ್ಡಿನ ಉದ್ದಕ್ಕೂ ಎರಡು ಸಲ ನಡೆದು, ಇಂಜೆಕ್ಷನ್ ಕೊಟ್ಟ ನರ್ಸ್ ಮುಂದೆ ನಿಂತಳು.

"ಆ ಔಷಧಿ ಅವರಿಗೆ ಒಗ್ಗಲ್ಲ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಮೇಡಂ. ಆದ್ರೆ ಸ್ಕ್ರೀನಲ್ಲಿ 'ಸೌಮ್ಯ' ಅಂತಿತ್ತು. ಹೊಟ್ಟೆ ತೊಳಸುತ್ತೆ, ಅಷ್ಟೇ ಅಂತ. ಡಾಕ್ಟ್ರನ್ನೂ ಕೇಳಿದೆ. ಹಾಗಿದ್ರೆ ಕೊಡಿ ಅಂದ್ರು."

"ಈಗ ನೋಡಿ."

ಸ್ಕ್ರೀನಿನಲ್ಲಿ ಕೆಂಪಕ್ಷರ: 'ತೀವ್ರ. ಕೊಡಕೂಡದು.'

ನರ್ಸ್ ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿದಳು. "ಬೆಳಿಗ್ಗೆ ಹೀಗಿರ್ಲಿಲ್ಲ. ನನ್ನ ಮಕ್ಕಳಾಣೆಗೂ ಹೀಗಿರ್ಲಿಲ್ಲ."

ಬಾಗಿಲ ಬಳಿ ಕುಸಿದು ಕೂತಿದ್ದ ಬಡಗಿಯ ಹೆಂಡತಿ ತಲೆಯೆತ್ತಿದಳು. "ಸುಳ್ಳು. ಬೆಳಿಗ್ಗೆ ನಮ್ಮವರು ಸಿಗರೇಟು ಸೇದಿದ್ರು ಅಂತ ಇವ್ಳು ಜಗಳ ಆಡಿದ್ಲು. ಆ ಸಿಟ್ಟು."

ಫೋನು ಗುರುಗುಟ್ಟಿತು. ಮೇಲಧಿಕಾರಿ. "ಹೊರಗೆ ಜನ ಸೇರಿದ್ದಾರೆ. ನಾಲ್ಕು ಗಂಟೆಯೊಳಗೆ ಆ ನರ್ಸನ್ನ ಅರೆಸ್ಟ್ ಮಾಡಿ."

ಇನ್‌ಸ್ಪೆಕ್ಟರಮ್ಮ ಮತ್ತೆ ನಡೆಯತೊಡಗಿದಳು. ಬಾಯಿಮಾತಿಗೂ ಸ್ಕ್ರೀನಿಗೂ ಜಗಳವಾದರೆ ಜನ ಸ್ಕ್ರೀನನ್ನೇ ನಂಬುತ್ತಾರೆ. ಆದರೆ ಸ್ಕ್ರೀನಿಗೆ ನೆನಪಿಲ್ಲ, ಕಾಗದಕ್ಕಿದೆ.

* * *

ಔಷಧಿ ಕೊಠಡಿಯಲ್ಲಿ ಪ್ರತಿದಿನ ಎಂಟು ಗಂಟೆಗೆ ವಾರ್ಡಿನ ಪಟ್ಟಿಯನ್ನು ಪ್ರಿಂಟ್ ತೆಗೆದು ತಂತಿಗೆ ಚುಚ್ಚುತ್ತಿದ್ದರು. ಇಂದಿನದು ಎಲ್ಲಕ್ಕಿಂತ ಮೇಲಿತ್ತು.

ಆರನೇ ಮಂಚ: ಸೌಮ್ಯ.

ಅಂದರೆ ನರ್ಸ್ ಹೇಳಿದ್ದು ನಿಜ. ಎಂಟು ಗಂಟೆಯ ಮೇಲೆ ಯಾರೋ ತಿದ್ದಿದ್ದಾರೆ.

* * *

ಮೂರನೇ ಮಹಡಿಯಲ್ಲಿ ಪದಜೋಡಣೆ ವಿಭಾಗ. ಊರಾಚೆಯ ಚಿಕ್ಕ ಆಸ್ಪತ್ರೆಯೊಂದು ಈ ದೊಡ್ಡ ಆಸ್ಪತ್ರೆಯೊಂದಿಗೆ ಸೇರಿ ಹೋಗಿತ್ತು. ಕಾಯಿಲೆಗಳಿಗೆ ಅಲ್ಲಿಯ ಹೆಸರೇ ಬೇರೆ, ಇಲ್ಲಿಯದೇ ಬೇರೆ. ಅಲ್ಲಿಯ ಒಂದೊಂದು ಪದಕ್ಕೂ ಇಲ್ಲಿಯ ಪಟ್ಟಿಯಲ್ಲಿ ಜೋಡಿ ಹುಡುಕುವುದು ಇವರ ಕೆಲಸ. ಮದುವೆ ದಲ್ಲಾಳಿಯ ಕೆಲಸವೇ, ಊಟ ಮಾತ್ರ ಇಲ್ಲ.

ವಿಭಾಗದ ಮುಖ್ಯಸ್ಥ ಇಸ್ತ್ರಿ ಕೆಡದ ಮನುಷ್ಯ. ಪ್ರಿಂಟ್ ನೋಡಿ ನಿಟ್ಟುಸಿರು ಬಿಟ್ಟ.

"ಊರಾಚೆಯ ಹಳೇ ಆಸ್ಪತ್ರೆಯವರು ಬಡಗಿಯ ಫೈಲಲ್ಲಿ 'ಮೂರನೇ ದರ್ಜೆ' ಅಂತ ಬರೆದಿದ್ರು. ಅವರಿಗೆ ಮೂರು ಅಂದ್ರೆ ಪ್ರಾಣಾಪಾಯ. ನಮ್ಮಲ್ಲಿ ತಲೆಕೆಳಗು. ಒಂದು ಅಂದ್ರೆ ಅಪಾಯ, ಮೂರು ಅಂದ್ರೆ ಸೌಮ್ಯ. ಜೋಡಿಸುವಾಗ ಮೂರಕ್ಕೆ ಮೂರು ಕೂಡಿಸಿಬಿಟ್ಟಿದ್ದಾರೆ."

"ಯಾರು?"

"ಇಬ್ಬರು. ಒಂದೊಂದು ಪದವನ್ನೂ ಇಬ್ಬರು ಬೇರೆ ಬೇರೆ ಕೂತು ಜೋಡಿಸ್ತಾರೆ. ಒಬ್ಬರದ್ದು ಇನ್ನೊಬ್ಬರಿಗೆ ಕಾಣಲ್ಲ. ಎರಡೂ ಉತ್ತರ ಒಪ್ಪಿದ್ರೆ ನೇರ ವಾರ್ಡಿನ ಸ್ಕ್ರೀನಿಗೆ. ಒಪ್ಪದಿದ್ರೆ ಮೂರನೆಯವರ ಹತ್ರ ಪಂಚಾಯಿತಿ. ಈ ಕಂತಿನ ಪದಗಳನ್ನ ನಾನು ಮತ್ತೆ ದೊಡ್ಡಕ್ಕ ಮಾಡಿದ್ವಿ. ನಾನೂ ಎಡವಿದೆ, ಒಪ್ಕೊಳ್ತೀನಿ. ಆದ್ರೆ ಇದನ್ನ ನೋಡಿ."

ತಿದ್ದುಪಡಿಯ ದಾಖಲೆ. ಇವತ್ತು, ಹತ್ತು ನಲವತ್ತು. ತಿದ್ದಿದವರು: ದೊಡ್ಡಕ್ಕ.

"ದೊಡ್ಡಕ್ಕ ಅಂದ್ರೆ?"

"ಹಳೇ ಆಸ್ಪತ್ರೆಯ ಹಿರಿಯ ನರ್ಸ್. ಎರಡೂ ಆಸ್ಪತ್ರೆ ಸೇರಿಸೋದು ಅವರಿಗೆ ಇಷ್ಟವೇ ಇರ್ಲಿಲ್ಲ. ಸ್ವಲ್ಪ ದಿನದಿಂದ ಮನೆಯಲ್ಲೇ ಕೂತು ಮಾಡ್ತಿದ್ರು."

ಇನ್‌ಸ್ಪೆಕ್ಟರಮ್ಮ ಕಿಟಕಿಯಿಂದ ಬೀರುವಿನವರೆಗೆ, ಬೀರುವಿನಿಂದ ಕಿಟಕಿಯವರೆಗೆ ನಡೆದಳು. ಎಲ್ಲವೂ ಸರಿಯಾಗಿಯೇ ಇತ್ತು. ಹಾಗಿದ್ದದ್ದೇ ಆಕೆಗೆ ಸರಿಬರಲಿಲ್ಲ.

"ಈ ಕಂತಿನಲ್ಲಿ ಎಷ್ಟು ಪದ? ಪಂಚಾಯಿತಿಗೆ ಹೋದವು ಎಷ್ಟು?"

"ನಾನೂರು ಪದ. ಪಂಚಾಯಿತಿಗೆ... ಯಾವುದೂ ಹೋಗಿಲ್ಲ."

"ಅದರ ಹಿಂದಿನ ಕಂತಲ್ಲಿ?"

ಆತ ಪುಟ ತಿರುಗಿಸಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ. "ಅರವತ್ತೆಂಟು."

* * *

ದೊಡ್ಡಕ್ಕ ಪಕ್ಕದ ಊರಿನಿಂದ ಬಂದಿಳಿದಾಗ ಮೂರು ಗಂಟೆ. ಕಣ್ಣಿನಲ್ಲಿ ನಿದ್ದೆಯಿಲ್ಲ. ಸೆರಗಿನ ತುಂಬ ಎಳೆಕೂಸಿನ ವಾಸನೆ.

"ಹತ್ತು ನಲವತ್ತಕ್ಕೆ ಎಲ್ಲಿದ್ರಿ?"

"ಹೆರಿಗೆ ಕೋಣೇಲಿ, ಮಗಳ ಕೈ ಹಿಡ್ಕೊಂಡು. ಫೋನು ಹೊರಗೇ ಇಸ್ಕೊಂಡಿದ್ರು. ಕೇಳಿ ನೋಡಮ್ಮ."

"ರಜೆ ಯಾವತ್ತಿಂದ?"

"ಹನ್ನೆರಡು ದಿನ ಆಯ್ತು. ಒಂದು ಪದಾನೂ ಮುಟ್ಟಿಲ್ಲ."

ಆ ಕಂತು ಶುರುವಾಗಿ ಒಂಬತ್ತೇ ದಿನ. ಪಾಸ್‌ವರ್ಡ್ ಎಲ್ಲಿಟ್ಟಿದ್ದರು ಎಂದು ಕೇಳಿದರೆ ದೊಡ್ಡಕ್ಕ ನಾಲಿಗೆ ಕಚ್ಚಿಕೊಂಡಳು. ಮೇಜಿನ ಡ್ರಾಯರಿನಲ್ಲಿ, ಚೀಟಿಯಲ್ಲಿ. ಮರೆವು ಜಾಸ್ತಿ. ವಿಭಾಗದ ಐದೂ ಜನಕ್ಕೆ ಗೊತ್ತು.

ಮೂರಕ್ಕೆ ಮೂರು ಕೂಡಿಸಿದ ಸಂಗತಿ ಹೇಳಿದಾಗ ಮಾತ್ರ ಮುದುಕಿ ತಿರುಗಿಬಿದ್ದಳು. "ಮೂರನ್ನ ಸೌಮ್ಯ ಅಂದ್ರಾ? ಇಪ್ಪತ್ತೆಂಟು ವರ್ಷ 'ಮೂರು' ಅಂತ ಕೂಗಿದ ಕೂಡ್ಲೆ ಎದ್ದೂಬಿದ್ದೂ ಓಡಿದವಳು ನಾನು. ನಿದ್ದೆಗಣ್ಣಲ್ಲೂ ಆ ತಪ್ಪು ಮಾಡಲ್ಲ."

* * *

ಮೂರೂ ಮುಕ್ಕಾಲು. ಇನ್‌ಸ್ಪೆಕ್ಟರಮ್ಮ ನರ್ಸನ್ನೂ ಬಡಗಿಯ ಹೆಂಡತಿಯನ್ನೂ ಮೂರನೇ ಮಹಡಿಗೇ ಕರೆಸಿದಳು.

"ನಮ್ಮ ಕಸುಬಲ್ಲಿ ಒಂದು ಅನುಭವ ಇದೆ," ಎಂದಳು ಮುಖ್ಯಸ್ಥನಿಗೆ. "ನಿಜ ನೋಡಿದ ಇಬ್ಬರು ಸಾಕ್ಷಿಗಳು ಯಾವತ್ತೂ ಒಂದೇ ಥರ ಹೇಳಲ್ಲ. ಒಬ್ಬ ನೀಲಿ ಅಂಗಿ ಅಂದ್ರೆ ಇನ್ನೊಬ್ಬ ಕರಿ ಅಂತಾನೆ. ಚೂರೂ ವ್ಯತ್ಯಾಸ ಇಲ್ದೆ ಹೇಳಿದ್ರೆ, ಹೇಳಿಕೊಟ್ಟವನು ಒಬ್ಬನೇ. ನಾನೂರಕ್ಕೆ ನಾನೂರು ಒಪ್ಪಿಗೆ. ಇಲ್ಲಿ ಎರಡನೇ ಮನುಷ್ಯನೇ ಇರ್ಲಿಲ್ಲ."

"ಚೀಟಿ ಎಲ್ಲರಿಗೂ ಸಿಗ್ತಿತ್ತು," ಎಂದ ಆತ.

"ಸಿಗ್ತಿತ್ತು. ದೊಡ್ಡಕ್ಕನ ಹೆಸರಲ್ಲಿ ಯಾರು ಬೇಕಾದ್ರೂ ಒಳಗೆ ಹೋಗಬಹುದಿತ್ತು. ಆದ್ರೆ ನಿಮ್ಮ ನಾನೂರು ಉತ್ತರ ಯಾರಿಗೆ ಗೊತ್ತಿತ್ತು? ಒಬ್ಬರದ್ದು ಇನ್ನೊಬ್ಬರಿಗೆ ಕಾಣಲ್ಲ ಅಂತ ನೀವೇ ಹೇಳಿದ್ರಿ. ರಜೆಯಲ್ಲಿರೋರು ಮನೆಯಿಂದ ಮಾಡ್ತಿದ್ರು ಅಂತ್ಲೂ ನೀವೇ ಹೇಳಿದ್ರಿ."

ಇಸ್ತ್ರಿಯ ಮನುಷ್ಯ ಬೆವತುಹೋಗಿದ್ದ. ತಿಂಗಳ ಕೊನೆಯೊಳಗೆ ಮುಗಿಸುತ್ತೇನೆಂದು ಆಡಳಿತದವರಿಗೆ ಮಾತು ಕೊಟ್ಟಿದ್ದನಂತೆ. ದೊಡ್ಡಕ್ಕನ ಕುರ್ಚಿ ಖಾಲಿ. ತನ್ನ ಉತ್ತರವನ್ನೇ ಅವಳ ಹೆಸರಿನಲ್ಲೂ ತುಂಬುತ್ತಾ ಹೋದ. "ಬರೀ ಒಂದು ತಪ್ಪು ಮೇಡಂ," ಎಂದ.

"ಮೂರಕ್ಕೆ ಮೂರು ಜೋಡಿಸಿದ್ದು ತಪ್ಪು. ಸಾವಾದ ಇಪ್ಪತ್ತೈದು ನಿಮಿಷಕ್ಕೆ ಅದನ್ನ ಅಳಿಸಿ ಈ ಹೆಣ್ಣುಮಗಳ ತಲೆಗೆ ಕಟ್ಟಿದ್ರಿ. ಅದು ಸಿಕ್ಕಿಬಿದ್ರೆ ಇರ್ಲಿ ಅಂತ ದೊಡ್ಡಕ್ಕನ ಹೆಸರು. ಅದಕ್ಕೆ ಕಾನೂನಲ್ಲಿ ಬೇರೆ ಪದ ಇದೆ."

ದಫೇದಾರ ಆತನನ್ನು ಕರೆದುಕೊಂಡು ಹೋದ.

ನರ್ಸ್ ಗೋಡೆಗೊರಗಿ ಸದ್ದಿಲ್ಲದೆ ಅತ್ತಳು. ಬಡಗಿಯ ಹೆಂಡತಿ ಅವಳ ಹತ್ತಿರ ಬಂದು ನಿಂತಳು. ಆಮೇಲೆ ಕೇಳಿದಳು: "ಕೊನೇಲಿ ಏನಾದ್ರೂ ಅಂದ್ರಾ ಅವ್ರು?"

"ನಿಮ್ಮನ್ನ ಕರೀರಿ ಅಂದ್ರು."

ಹೆಂಡತಿಯ ಕೈ ನರ್ಸಿನ ತೋಳಿನ ಮೇಲಿತ್ತು.

ಆದರೆ ಇನ್ನೂ ಮುನ್ನೂರ ತೊಂಬತ್ತೊಂಬತ್ತು ಜೋಡಿಗಳು ಕೆಳಗಿನ ವಾರ್ಡುಗಳಲ್ಲಿ ಓಡಾಡುತ್ತಿದ್ದವು. ಎರಡನೇ ಕಣ್ಣು ಯಾವುದನ್ನೂ ನೋಡಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಆಡಳಿತದವರಿಗೆ ಫೋನು ಮಾಡಿ ಅಷ್ಟನ್ನೂ ತಡೆಹಿಡಿಸಿದಳು. ಮನೆಗೆ ಹೋಗಿ ಎಂದರೂ ನರ್ಸ್ ಹೋಗಲಿಲ್ಲ. ಮುಖ ತೊಳೆದುಕೊಂಡು ಬಂದು ಒಂದು ಕಂಪ್ಯೂಟರಿನ ಮುಂದೆ ಕೂತಳು. ದೊಡ್ಡಕ್ಕ ಇನ್ನೊಂದರ ಮುಂದೆ, ಅವಳಿಗೆ ಬೆನ್ನು ಹಾಕಿ.

ಹತ್ತನೆಯ ಪದಕ್ಕೆ ಯಂತ್ರ 'ಕ್ಣಿಂ' ಎಂದಿತು. ಒಪ್ಪಿಗೆಯಿಲ್ಲ. ಎರಡು ಉತ್ತರಗಳೂ ಸ್ಕ್ರೀನಿನಲ್ಲಿ ಬಂದವು.

"ಅದೆಂಗೆ ಬರುತ್ತೆ ಅದು?" ಎಂದಳು ದೊಡ್ಡಕ್ಕ, ತಿರುಗದೆಯೇ.

"ಬರುತ್ತೆ ದೊಡ್ಡಕ್ಕ. ನಮ್ಮ ವಾರ್ಡಲ್ಲಿ ನಿಂತು ನೋಡಿ, ಗೊತ್ತಾಗುತ್ತೆ."

ಜಗಳ ಶುರುವಾಯಿತು. ಇನ್‌ಸ್ಪೆಕ್ಟರಮ್ಮ ಬಾಗಿಲ ಬಳಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು, ಆ ದಿನದಲ್ಲಿ ಮೊದಲ ಸಲ, ಕೂತಳು.