ಉದ್ದ ಬಿಟ್ಟ ಪಟ್ಟಾ

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಸ್ನೇಹಲ ಹುಮನಾಬಾದಿನ ಚಷ್ಮಾ ಅಂಗಡಿಗೆ ಬಂದು ಗಾಜಿನ ಕೌಂಟರ್ ಮೇಲೆ ಮೂರು ಡೈವ್ ಕಂಪ್ಯೂಟರ್ ಇಟ್ಟಳು. ಎರಡನ್ನು ಅವಳು ಇಟ್ಟುಕೊಳ್ಳಬೇಕಿತ್ತು. ಒಂದನ್ನು ಬೆಂಗಳೂರಿನ ವ್ಯಾಪಾರಿಗೆ ಮರಳಿಸಬೇಕಿತ್ತು.

ಅಂಗಡಿ ಸಂಘರತ್ನನದು. ಒಂದು ಬದಿಗೆ ಕನ್ನಡಕ, ಇನ್ನೊಂದು ಬದಿಗೆ ಕೈಗಡಿಯಾರ. ಎರಡೂ ಕೆಲಸ ಅವನದೇ. ಇಬ್ಬರೂ ಬಸವಕಲ್ಯಾಣದ ಕಾಲೇಜಿನಲ್ಲಿ ಒಂದೇ ತರಗತಿಯವರು. ಆಮೇಲೆ ಅವನು ಕಣ್ಣಿನ ಪರೀಕ್ಷೆ ಕಲಿತು ಇಲ್ಲಿ ಅಂಗಡಿ ತೆರೆದ. ಬಸವಕಲ್ಯಾಣಕ್ಕೆ ಹತ್ತಿರದ ತನ್ನೂರು ಮಂಠಾಳದ ಬಾವಿಯಲ್ಲಿ ಈಜು ಕಲಿತ ಅವಳು ಕಾರವಾರಕ್ಕೆ ಹೋಗಿ ಕಡಲಿನ ಜೀವಿಗಳ ಬಗ್ಗೆ ಓದಿದಳು. ಈಗ ಅಂಡಮಾನಿನಲ್ಲಿ ಹವಳದ ದಿಬ್ಬಗಳ ಸಮೀಕ್ಷೆ ಮಾಡುತ್ತಿದ್ದಳು.

"ಏನ್ ತಂದೀರಿ ಈ ಸಲ?" ಎಂದ ಸಂಘರತ್ನ.

"ಕಾಲೇಜಿನ್ಯಾಗ ನೀ ಅಂತಿದ್ದಿ. ಅಂಗಡಿ ಹಾಕಿದ ಮ್ಯಾಲ ನಂಗ ರೀ ಹಚ್ಚಾಕತ್ತಿ?"

"ಗಿರಾಕಿಗೆ ಗೌರವ ಕೊಡಬೇಕಲ್ಲ."

"ಗೌರವ ನೀನೇ ಇಟ್ಕೋ. ಇವನ್ನ ನೋಡು."

ಅವನು ನೋಡಿದ. ದಪ್ಪ ಕೈಗಡಿಯಾರದಂತಿದ್ದವು. ಮುಳುಗಿದವರು ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದರು, ಅವರ ಮೈಯಲ್ಲಿ ಎಷ್ಟು ಸಾರಜನಕ ಸೇರಿರಬಹುದು, ಇನ್ನೆಷ್ಟು ನಿಮಿಷ ಕೆಳಗಿರಬಹುದು ಎಂದು ಈ ಯಂತ್ರ ಲೆಕ್ಕ ಹಾಕಿ ಹೇಳುತ್ತದೆ ಎಂದು ಅವಳು ವಿವರಿಸಿದಳು. ಶುಕ್ರವಾರ ಅವಳು ಹೊರಡುವವಳು. ವಾರವಿಡೀ ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ. ದಿನಕ್ಕೆ ನಾಲ್ಕು ಸಲ ಸಮುದ್ರಕ್ಕೆ ಇಳಿಯುವುದು.

"ಕಣ್ಣಿಗೆ ಯಾವುದು ಚಂದ ಕಾಣತದ ಅಂತ ನೀ ಹೇಳಬೇಕು. ನನ್ನ ನಂಬರ್ ನಿಂಗೇ ಗೊತ್ತು."

ಅವಳ ಕಣ್ಣಿನ ನಂಬರ್ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಅದನ್ನು ಹೇಳಲಿಲ್ಲ. ಕುಡಿಯುವ ನೀರಿನ ಕ್ಯಾನನ್ನು ಬಕೆಟ್ಟಿಗೆ ಬಗ್ಗಿಸಿ, ಮೂರನ್ನೂ ಮುಳುಗಿಸಿ, ಅಂಗಡಿಯ ದೀಪ ಆರಿಸಿ ಶಟರ್ ಅರ್ಧ ಎಳೆದ. ಅವಳು ನಂಬರಿನ ಗಾಜು ಕೂಡಿಸಿದ ಮಾಸ್ಕ್ ಹಾಕಿಕೊಂಡು ಬಕೆಟ್ಟಿನಲ್ಲಿ ಮುಖವಿಟ್ಟು ಅಂಕಿ ಓದಿದಳು. ತಲೆ ಎತ್ತಿದಾಗ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಜಿನ ಹಿಂದೆ ಕಣ್ಣುಗಳು ನಗುತ್ತಿದ್ದವು. ಅವನು ಟವೆಲ್ ಹುಡುಕುವ ನೆಪದಲ್ಲಿ ಆಚೆ ತಿರುಗಿದ.

"ನೀರಾಗ ಎಲ್ಲಾ ಇದ್ದದ್ದಕ್ಕಿಂತ ಹತ್ರ ಕಾಣತದ. ಹೊಸಬರು ಮುಟ್ಟಾಕ ಕೈ ಚಾಚತಾರ, ಸಿಗೋದಿಲ್ಲ," ಎಂದಳು.

"ಹೊರಗೂ ಹಂಗೇ ಅದ," ಎಂದ ಅವನು, ಟವೆಲ್ ಕೊಡುತ್ತ.

ಅವಳು ಒಂದು ಕ್ಷಣ ಅವನನ್ನು ನೋಡಿದಳು. ಅವನು ಮಾಹಿತಿ ಪುಸ್ತಿಕೆ ತೆರೆದುಬಿಟ್ಟ.

ಗಡಿಯಾರದವನ ಕಣ್ಣು ಮೊದಲು ಹೋದದ್ದು ಸೆಲ್ ಕಡೆಗೆ. ಮೂರರಲ್ಲಿ ತೆಳ್ಳಗಿನದು ನೋಡಲು ಚಂದವಿತ್ತು. ಆದರೆ ಸೆಲ್ ಬದಲಿಸಿದರೆ ಹಿಂದಿನ ಮುಳುಗಿನ ಲೆಕ್ಕವೆಲ್ಲ ಅಳಿಸಿಹೋಗುತ್ತದೆ ಎಂದು ಪುಸ್ತಿಕೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅವನು ಅದನ್ನು ಪಕ್ಕಕ್ಕೆ ಸರಿಸಿದ. ಉಳಿದವುಗಳಲ್ಲಿ ಒಂದಕ್ಕೆ ಚಾರ್ಜಿಂಗ್, ಇನ್ನೊಂದಕ್ಕೆ ಸೆಲ್. ಎರಡರ ಅಂಕಿಗಳೂ ದೊಡ್ಡವು.

"ಇವೆರಡೂ ಒಂದೇ ತರಹ ಲೆಕ್ಕ ಹಾಕತಾವೋ ನೋಡು," ಎಂದಳು ಸ್ನೇಹಲ. "ಒಂದು ಮ್ಯಾಲ ಏಳು ಅಂತ, ಇನ್ನೊಂದು ಕೆಳಗೇ ಇರು ಅಂತ ಅಂದರ ನೀರಾಗೇ ಜಗಳ."

ಎರಡರ ಲೆಕ್ಕದ ಕ್ರಮವೂ ಒಂದೇ ಎಂದು ಅವನು ಪುಸ್ತಿಕೆ ನೋಡಿ ಹೇಳಿದ. ಅಷ್ಟರಲ್ಲಿ ಅವಳಿಗೆ ಫೋನ್ ಬಂತು. "ಹೂಂ ಅಜೀತ, ಎರಡು ತಗೊಳ್ಳಾಕತ್ತೇನಿ. ಚಿಂತಿ ಮಾಡಬ್ಯಾಡ," ಎಂದು ನಕ್ಕಳು.

"ಅಜೀತ ಅಂದರ?"

"ನನ್ನ ಜತೀಲೆ ಮುಳುಗೋನು. ಒಬ್ಬರೇ ಇಳಿಯೋ ಹಂಗಿಲ್ಲ ಅಲ್ಲಿ."

ಸಂಘರತ್ನ ತಲೆಯಾಡಿಸಿದ. ಎರಡು ಯಂತ್ರ, ಇಬ್ಬರು ಜನ. ಅದರಲ್ಲಿ ತಿಳಿಯದೇ ಇರುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಕೈಗೆ ಕಟ್ಟುವ ಪಟ್ಟಾಗಳು ಉದ್ದವಾಗಿದ್ದವು. ಅಳತೆಗೆ ಕತ್ತರಿಸಬೇಕು ಎಂದು ಅವಳು ಎಡಗೈ ಚಾಚಿದಳು. ರಬ್ಬರ್ ಅಂಗಿಯ ತೋಳಿನ ಮೇಲೆ ಕಟ್ಟುವುದರಿಂದ ಎರಡು ಬೆರಳು ಸಡಿಲವಿರಲಿ ಎಂದಳು. ಅವನು ಪಟ್ಟಾದ ಕೆಳಗೆ ಎರಡು ಬೆರಳು ಸೇರಿಸಿದ. ನಾಡಿ ಹೊಡೆದುಕೊಳ್ಳುವುದು ಬೆರಳಿಗೆ ತಿಳಿಯಿತು. ಅವಳದೋ ತನ್ನದೋ ತಿಳಿಯಲಿಲ್ಲ. ಗುರುತು ಹಾಕಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಎರಡೂ ತಯಾರ್ ಮಾಡಿ ಇಡು, ಗುರುವಾರ ಬಂದು ಒಯ್ಯತೀನಿ," ಎಂದು ಅವಳು ಬಸ್ಸಿಗೆ ಓಡಿದಳು.

ಎದುರಿನ ಬಳೆ ಅಂಗಡಿಯ ಕುಲ್ಸುಮ್ ಬೀ ಎಲ್ಲವನ್ನೂ ನೋಡಿದ್ದಳು. ಬಕೆಟ್ ಖಾಲಿ ಮಾಡಲು ಸಂಘರತ್ನ ಹೊರಬಂದಾಗ ಬಿಡಲಿಲ್ಲ.

"ಅರೇ ಬೇಟಾ, ಬಸವಕಲ್ಯಾಣದಾಗ ಚಷ್ಮಾ ಅಂಗಡಿ ಎಲ್ಲಾ ಬಂದ್ ಆಗ್ಯಾವೇನು?"

"ಯಾಕ್ರಿ ಖಾಲಾ?"

"ಒಂದು ಸ್ಕ್ರೂ ಬಿಗಿ ಮಾಡಿಸಾಕ ಆ ಹುಡುಗಿ ಹುಮನಾಬಾದಿಗೆ ಬರತಾಳ. ಊರಿಗೆಲ್ಲ ಚಷ್ಮಾ ಕೊಡತಿ, ನಿನ್ನ ಕಣ್ಣೇ ಚೆಕ್ ಮಾಡ್ಕೊಂಡಿಲ್ಲ ನೋಡು."

"ಅಕಿಗೆ ಜತೆ ಅದಾನ್ರಿ, ಖಾಲಾ. ಅಜೀತ ಅಂತ."

"ಅಕಿ ಹೇಳಿದಳೇನು?"

ಅವನು ಬಕೆಟ್ ಬಗ್ಗಿಸಿ ನೀರು ಚೆಲ್ಲಿದ.

"ಅಲ್ಲೇ ಅಂಡಮಾನಿನ್ಯಾಗ ಮೂರು ವರ್ಷದ ನೌಕರಿ ಸಿಕ್ಕದ ಅಂತ ನನ್ನ ಮುಂದ ಹೇಳಿ ಹೋದಳು. ನನ್ನ ಮುಂದ ಯಾಕ ಹೇಳಿದಳು? ನಾನೇನು ಅಕಿ ಅತ್ತಿಯೇನು?" ಎಂದು ಕುಲ್ಸುಮ್ ಬೀ ಬಳೆಯ ಡಬ್ಬಿ ಮುಚ್ಚಿದಳು.

ಆ ದಿನ ಸಂಘರತ್ನ ಒಂದು ಪಟ್ಟಾವನ್ನು ಅವಳ ಅಳತೆಗೆ ಕತ್ತರಿಸಿ ಅಂಚು ನುಣುಪು ಮಾಡಿದ. ಇನ್ನೊಂದನ್ನು ಕೈಯಲ್ಲಿ ಹಿಡಿದು ಕುಳಿತ. ಗಂಡಸಿನ ಮಣಿಕಟ್ಟು ಎಷ್ಟಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಕೈಗೇ ಕಟ್ಟಿ ನೋಡಿದ, ಕತ್ತರಿ ತೆಗೆದುಕೊಂಡ, ಕೆಳಗಿಟ್ಟ. ಕೊನೆಗೆ ಅದನ್ನು ಹಾಗೆಯೇ ಉದ್ದ ಬಿಟ್ಟ.

ಗುರುವಾರ ಅವಳು ಬರಲಿಲ್ಲ. ಮಧ್ಯಾಹ್ನ ಫೋನ್ ಮಾಡಿ, ಸಾಮಾನು ಕೊಳ್ಳುವುದಕ್ಕೆ ಕಲ್ಯಾಣದ ಮಾರ್ಕೆಟ್‌ನಲ್ಲಿದ್ದೇನೆ, ಬಿಡುವಾಗುವುದಿಲ್ಲ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸು ಎಂದಳು. ಸಂಘರತ್ನ ಅಂಗಡಿ ಮುಚ್ಚಿ ತಾನೇ ಬಸ್ ಹತ್ತಿದ.

ಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ಭೇಟಿಯಾದರು. ಬಿಸಿಲು ಇಳಿದಿತ್ತು. ನೀರಿನ ಮೇಲೆ ಗಾಳಿ ಗೆರೆ ಎಳೆಯುತ್ತಿತ್ತು. ಸ್ನೇಹಲ ಕೊಂಡ ಸಾಮಾನಿನ ಚೀಲ ಬದಿಗಿಟ್ಟು ಎಡಗೈಗೆ ಒಂದನ್ನು ಕಟ್ಟಿದಳು. ಸರಿಯಾಗಿ ಕೂತಿತು. ಇನ್ನೊಂದನ್ನು ಬಲಗೈಗೆ ಕಟ್ಟಿದಳು. ಅದು ಮೊಣಕೈವರೆಗೆ ಜಾರಿತು.

"ಇದನ್ನ್ಯಾಕ ಉದ್ದ ಬಿಟ್ಟಿ?"

"ಅಜೀತನ ಕೈ ಅಳತಿ ನಂಗ ಹ್ಯಾಂಗ ಗೊತ್ತು?"

"ಅಜೀತನ ಕೈ ಇದರಾಗ ಎಲ್ಲಿಂದ ಬಂತು?"

"ಒಂದು ನಿಂದು, ಒಂದು ಅವಂದು."

ಅವಳು ನಗತೊಡಗಿದಳು. ಅವನ ಮುಖ ನೋಡಿ ನಿಲ್ಲಿಸಿದಳು.

"ಎರಡೂ ನಂದೇ, ಮಾರಾಯ. ಅಜೀತಗ ಅವಂದು ಅದ, ಮನ್ಯಾಗ ಹೆಂಡತಿನೂ ಅದಾಳ. ನನ್ನ ಮೈಯಾಗಿನ ಲೆಕ್ಕ ಅವನ ಕೈಗೆ ಕಟ್ಟಾಕ ಬರತದೇನು?"

"ಒಬ್ಬರಿಗೆ ಎರಡ್ಯಾಕ ಬೇಕು?"

"ಒಂದು ನಡುವ ಕೆಟ್ಟರ? ಆಗ ಹೊಸದು ಕಟ್ಟಿಕೊಂಡರ ಅದಕ್ಕ ನನ್ನ ಹಿಂದಿಂದು ಏನೂ ಗೊತ್ತಿರೋದಿಲ್ಲ. ಇವತ್ತೇ ಮೊದಲ ಸಲ ಇಳಿಯಾಕತ್ತಾಳ ಅಂತ ತಿಳೀತದ, ಇನ್ನಷ್ಟು ಹೊತ್ತು ಇರು ಅಂತದ. ನಂಬಿದರ ಕೈಕಾಲು ಸೋತು ಬೀಳಬಹುದು, ಜೀವಕ್ಕೂ ಬರಬಹುದು. ಅದಕ್ಕ ಎರಡೂ ಮೊದಲನೇ ಮುಳುಗಿನಿಂದ ಜತೀಲೇ ಇರಬೇಕು."

ಸಂಘರತ್ನ ಕೆರೆಯ ಕಡೆ ನೋಡುತ್ತ ಕೇಳಿದ: "ಮ್ಯಾಲ ಬಂದ ಮ್ಯಾಲೂ ಹಿಂದಿಂದು ಮೈಯಾಗೇ ಇರತದೇನು?"

"ಇರತದ. ಸಾವಕಾಶ ಹೋಗತದ. ಪೂರಾ ಹೋಗೋದ್ರೊಳಗ ಮತ್ತ ಇಳೀತೀವಿ. ಒಂದರ ಮ್ಯಾಲ ಒಂದು ಕೂಡತದ."

"ನಂದೂ ಹಂಗೇ ಆಗ್ಯದ."

"ಏನು?"

"ನೀ ರಜಾಕ್ಕ ಬರತಿ, ಹೋಗತಿ. ಹೋದ ಮ್ಯಾಲ ಅಂಗಡ್ಯಾಗ ಕೂತು ಇಳಿಸಿಕೊಳ್ಳಾಕ ನೋಡತೀನಿ. ಪೂರಾ ಇಳಿಯೋದ್ರೊಳಗ ಮತ್ತ ಬರತಿ, ಸ್ನೇಹಲ. ಕಾಲೇಜಿನಿಂದ ಕೂಡಿಕೋತ ಬಂದದ."

ಅವಳು ಬಲಗೈಯ ಪಟ್ಟಾವನ್ನು ಮಣಿಕಟ್ಟಿಗೆ ಎಳೆದಳು. ಅದು ಮತ್ತೆ ಜಾರಿತು.

"ಅಷ್ಟು ದೂರದಿಂದ ನೀರು ದಾಟಿ ಬಂದು ನಿನ್ನ ಮುಂದ ನಿಂತರೂ ಇದೊಂದು ಮಾತು ಹೊರಡಲಿಲ್ಲ ನಿನ್ನ ಬಾಯಿಂದ," ಎಂದಳು. ದನಿ ಸಣ್ಣದಾಗಿತ್ತು. "ಚಷ್ಮಾದ ಸ್ಕ್ರೂ ನಾನೇ ಸಡಿಲ ಮಾಡಿಕೊಂಡು ಬರತಿದ್ದೆ. ಅದೂ ತಿಳೀಲಿಲ್ಲ ನಿಂಗ."

"ತಿಳಿದಿದ್ದರ ಬಿಗಿ ಮಾಡತಿದ್ದಿಲ್ಲ."

ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. "ಮೂರು ವರ್ಷದ ನೌಕರಿ ನಾ ಬಿಡೋದಿಲ್ಲ."

"ಬಿಡು ಅಂದೆನೇನು?"

"ಅನ್ನಲಿಲ್ಲ. ಕಾಯೋದು ಆಗತದೇನು?"

"ರೂಢಿ ಅದ," ಎಂದ ಸಂಘರತ್ನ. "ನಮ್ಮವ್ವನ್ನ ಮಂಠಾಳಕ್ಕ ಕಳಸಲೇನು?"

"ಭಾನುವಾರ ಕಳಸು. ಉಳಿದ ದಿನ ನಮ್ಮವ್ವ ತೊಗರಿ ರಾಶ್ಯಾಗ ಇರತಾಳ, ಮನ್ಯಾಗ ಸಿಗೋದಿಲ್ಲ."

ಅವಳು ಬಲಗೈ ಚಾಚಿದಳು. ಅವನು ಜೇಬಿನಿಂದ ಸಣ್ಣ ಕತ್ತರಿ ತೆಗೆದು, ಎರಡು ಬೆರಳು ಸೇರಿಸಿ ಗುರುತು ಹಾಕಿ, ಪಟ್ಟಾ ಕತ್ತರಿಸಿದ. ಕತ್ತರಿ ಜೇಬಿಗೆ ಹೋದ ಮೇಲೂ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ಮಂಠಾಳದ ಬಸ್ಸಿನ ಹೊತ್ತಾಗುವವರೆಗೆ ಹಾಗೇ ಕುಳಿತಿದ್ದರು.

ಶುಕ್ರವಾರ ಸ್ನೇಹಲ ಹೈದರಾಬಾದಿನ ಬಸ್ ಹತ್ತಿದಳು. ಭಾನುವಾರ ಸಂಘರತ್ನನ ತಾಯಿ ಗಿರಿಜಾಬಾಯಿ ಮಂಠಾಳಕ್ಕೆ ಹೋಗಿ ಹೆಣ್ಣು ಕೇಳಿದರು. ಸ್ನೇಹಲಳ ತಾಯಿ ಜಿಜಾಬಾಯಿ ಚಹಾ ಕೊಟ್ಟು, "ಅಕಿ ಹೂಂ ಅಂತ ಹೇಳೇ ಹೋಗ್ಯಾಳ್ರಿ," ಎಂದರು. ಸಂಘರತ್ನ ಆ ಸಂಜೆ ಅವಳಿಗೆ ಫೋನ್ ಮಾಡಿದ. ಹಡಗು ಬಂದರು ಬಿಟ್ಟಾಗಿತ್ತು, ಕರೆ ಹೋಗಲಿಲ್ಲ.